ಪಗಾರದಲ್ಲಿ ಟಿಡಿಎಸ್ ಕಟ್ ಆಗಿದೆಯಾ? ಆ ರೊಕ್ಕ ನಿಮ್ಮದೇ, ವಾಪಸ್ ಕೇಳಿ

ಹಾವೇರಿ: ತಿಂಗಳಿಗೆ ಒಂದು ಲಕ್ಷ ರೂಪಾಯಿ ಪಗಾರ ಇರುವ ನೌಕರನಿಗೆ 2025-26ರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿ ಒಂದು ರೂಪಾಯಿಯೂ ಆದಾಯ ತೆರಿಗೆ ಇಲ್ಲ. ಆದರೆ ತಿಂಗಳಿಗೆ 16 ಸಾವಿರಕ್ಕೆ ಖಾಸಗಿ ಆಸ್ಪತ್ರೆಯಲ್ಲಿ ದುಡಿಯುವ ನರ್ಸ್ ಒಬ್ಬರ ಖಾತೆಗೆ ಕೆಲವೆಡೆ ಬಂದು ಬೀಳೋದು 14,400 ಮಾತ್ರ. ಉಳಿದ 1,600 ರೂಪಾಯಿ 'ಟಿಡಿಎಸ್' ಅಂತ ಕಟ್. ವರ್ಷಕ್ಕೆ ಲೆಕ್ಕ ಹಾಕಿದ್ರೆ 19,200 ರೂಪಾಯಿ. ಹೆಚ್ಚುಕಡಿಮೆ ಒಂದು ತಿಂಗಳ ಪಗಾರಕ್ಕಿಂತಲೂ ಜಾಸ್ತಿ.

ಲಕ್ಷ ದುಡಿಯೋರಿಗೆ ಇಲ್ಲದ ಟ್ಯಾಕ್ಸ್ 16 ಸಾವಿರ ದುಡಿಯೋರಿಗೆ ಹೇಗೆ ಬಂತು? ಉತ್ತರ ಸರಳ. ಅದು ಟ್ಯಾಕ್ಸ್ ಅಲ್ಲ, ಮುಂಗಡವಾಗಿ ಹಿಡಿದಿಟ್ಟ ಹಣ. ಹಿಡಿದಿಟ್ಟದ್ದನ್ನು ವಾಪಸ್ ಕೇಳಬೇಕು. ಕೇಳದಿದ್ದರೆ ಸರ್ಕಾರ ತಾನಾಗಿಯೇ ಮನೆಗೆ ತಂದುಕೊಡುವುದಿಲ್ಲ. 2024-25ನೇ ಸಾಲಿನಲ್ಲಿ ಹೀಗೆ ಕಟ್ ಆದ ಹಣ ಕೇಳಲು ರಿಟರ್ನ್ ಸಲ್ಲಿಸುವ ಕೊನೇ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 16, 2025ಕ್ಕೆ ಮುಂದೂಡಲಾಗಿತ್ತು. ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್, ಶಿಗ್ಗಾವಿ ಸೇರಿ ಜಿಲ್ಲೆಯ ತಾಲೂಕುಗಳಲ್ಲಿ ಆಸ್ಪತ್ರೆ, ಶಾಲೆ, ಗುತ್ತಿಗೆ ಕಾಮಗಾರಿಗಳಲ್ಲಿ ದುಡಿಯುವವರು, ಅವರನ್ನು ದುಡಿಸಿಕೊಳ್ಳುವ ಮಾಲೀಕರು ಇಬ್ಬರೂ ತಿಳಿದಿರಬೇಕಾದ ವಿಷಯ ಇದು.

ಟಿಡಿಎಸ್ ಅಂದ್ರೆ ಏನು?

ಹಣ ಕೊಡುವವನೇ ಅದರಲ್ಲಿ ಒಂದು ಪಾಲು ಮುರಿದುಕೊಂಡು, ಪಡೆಯುವವನ ಪ್ಯಾನ್ ನಂಬರಿನಲ್ಲಿ ಸರ್ಕಾರಕ್ಕೆ ಕಟ್ಟುವುದಕ್ಕೆ ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ ಕಡಿತ ಎನ್ನುತ್ತಾರೆ. ವರ್ಷದ ಕೊನೆಗೆ ಲೆಕ್ಕ ಆಗುತ್ತದೆ. ನಿಮ್ಮ ನಿಜವಾದ ತೆರಿಗೆ ಎಷ್ಟು, ಈಗಾಗಲೇ ಕಟ್ ಆದದ್ದು ಎಷ್ಟು ಅಂತ ತಾಳೆ ನೋಡುತ್ತಾರೆ. ಜಾಸ್ತಿ ಕಟ್ ಆಗಿದ್ದರೆ ವಾಪಸ್, ಕಡಿಮೆ ಆಗಿದ್ದರೆ ಬಾಕಿ ಕಟ್ಟಬೇಕು.

2024-25ರಲ್ಲಿ ಹೊಸ ಪದ್ಧತಿಯಲ್ಲಿ 3 ಲಕ್ಷದವರೆಗಿನ ಆದಾಯ ತೆರಿಗೆ ಲೆಕ್ಕಕ್ಕೇ ಬರುವುದಿಲ್ಲ. ರಿಯಾಯಿತಿ ಸೇರಿಸಿದರೆ 7 ಲಕ್ಷದವರೆಗೂ ತೆರಿಗೆ ಶೂನ್ಯ. 2025-26ಕ್ಕೆ ಈ ಮಿತಿ 12 ಲಕ್ಷಕ್ಕೆ ಏರಿದೆ. ಸಂಬಳದಾರರಿಗೆ ಇದರ ಮೇಲೆ 75 ಸಾವಿರ ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ ತೆರಿಗೆ ಇಲ್ಲ. ಅಂದರೆ ವರ್ಷಕ್ಕೆ ಎರಡು-ಮೂರು ಲಕ್ಷ ದುಡಿಯುವವರ ಹೆಸರಿನಲ್ಲಿ ಕಟ್ ಆದ ಟಿಡಿಎಸ್ ಪೂರ್ತಿಯಾಗಿ ಅವರದೇ ಹಣ.

ಪಗಾರದಲ್ಲಿ ಹಿಡಿದದ್ದೆಲ್ಲ ಟ್ಯಾಕ್ಸ್ ಅಲ್ಲ

'ನಮ್ಮ ಪಗಾರದಾಗ ಟ್ಯಾಕ್ಸ್ ಹಿಡದಾರ' ಅನ್ನೋರ ಪೇ ಸ್ಲಿಪ್ ನೋಡಿದರೆ ಎಷ್ಟೋ ಸಲ ಅಲ್ಲಿ ಆದಾಯ ತೆರಿಗೆ ಇರುವುದೇ ಇಲ್ಲ. ಮೊದಲು ಏನು ಕಟ್ ಆಗಿದೆ ಅಂತ ಗುರುತಿಸಿಕೊಳ್ಳಬೇಕು.

ಪಿಎಫ್: ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12. ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ ಅನ್ವಯ. ಇದು ನಿಮ್ಮ ಉಳಿತಾಯ, ಮಾಲೀಕರೂ ಅಷ್ಟೇ ಪಾಲು ಹಾಕುತ್ತಾರೆ.

ಇಎಸ್‌ಐ: ತಿಂಗಳ ವೇತನ 21 ಸಾವಿರದವರೆಗೆ ಇರುವವರಿಗೆ. ಕೆಲಸಗಾರನ ಪಾಲು ಶೇ 0.75, ಮಾಲೀಕನ ಪಾಲು ಶೇ 3.25. 16 ಸಾವಿರ ಪಗಾರಕ್ಕೆ ನಿಮ್ಮಿಂದ ಹೋಗೋದು 120 ರೂಪಾಯಿ. ಇದಕ್ಕೆ ಬದಲಾಗಿ ಕುಟುಂಬಕ್ಕೆ ವೈದ್ಯಕೀಯ ಸೌಲಭ್ಯ ಇದೆ.

ವೃತ್ತಿ ತೆರಿಗೆ: ಇದು ರಾಜ್ಯ ಸರ್ಕಾರದ್ದು. ತಿಂಗಳಿಗೆ 25 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಇದ್ದವರಿಗೆ ಮಾತ್ರ 200 ರೂಪಾಯಿ, ಫೆಬ್ರುವರಿಯಲ್ಲಿ 300. 25 ಸಾವಿರದ ಒಳಗಿನ ಸಂಬಳದಲ್ಲಿ ವೃತ್ತಿ ತೆರಿಗೆ ಹಿಡಿದಿದ್ದರೆ ಮಾಲೀಕರನ್ನು ಕೇಳಲೇಬೇಕು.

ಟಿಡಿಎಸ್: ಆದಾಯ ತೆರಿಗೆ ಹೆಸರಿನಲ್ಲಿ ಹಿಡಿಯೋದು ಇದೊಂದೇ. ರಿಟರ್ನ್ ಹಾಕಿ ವಾಪಸ್ ಪಡೆಯಬಹುದಾದದ್ದೂ ಇದೊಂದೇ.

ಪಗಾರವೋ, 'ಫೀ'ಯೋ? ಇಲ್ಲೇ ಇರೋದು ಗುಟ್ಟು

ಒಬ್ಬರನ್ನು ನೌಕರ ಅಂತ ಇಟ್ಟುಕೊಂಡು ಸಂಬಳ ಕೊಟ್ಟರೆ 2025-26ರವರೆಗಿನ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 192 ಅನ್ವಯ. ಇದರಲ್ಲಿ ವರ್ಷದ ಒಟ್ಟು ಸಂಬಳ ಅಂದಾಜು ಮಾಡಿ, ಅದಕ್ಕೆ ತೆರಿಗೆ ಬರುವುದಾದರೆ ಮಾತ್ರ ಮುರಿಯಬೇಕು. 16 ಸಾವಿರ ಸಂಬಳಕ್ಕೆ ತೆರಿಗೆ ಬರುವುದಿಲ್ಲ, ಹಾಗಾಗಿ ಟಿಡಿಎಸ್ ಕೂಡ ಇಲ್ಲ.

ಅದೇ ವ್ಯಕ್ತಿಗೆ 'ಪ್ರೊಫೆಷನಲ್ ಫೀ' ಅಂತ ಬರೆದು ಹಣ ಕೊಟ್ಟರೆ 2025-26ರವರೆಗಿನ ಸೆಕ್ಷನ್ 194ಜೆ ಅನ್ವಯ. ಇಲ್ಲಿ ನಿಮ್ಮ ವರ್ಷದ ಆದಾಯ ಎಷ್ಟು ಅಂತ ಯಾರೂ ನೋಡುವುದಿಲ್ಲ. ಒಂದೇ ಕಡೆಯಿಂದ ವರ್ಷಕ್ಕೆ 30 ಸಾವಿರ ದಾಟಿದರೆ (2025-26ರಿಂದ ಈ ಮಿತಿ 50 ಸಾವಿರ) ಶೇ 10ರಷ್ಟು ಕಟ್. ತಾಂತ್ರಿಕ ಸೇವೆ ಅಂತ ಬರೆದರೆ ಶೇ 2. ಗುತ್ತಿಗೆ ಅಥವಾ ಕೆಲಸದ ಕಾಂಟ್ರ್ಯಾಕ್ಟ್ ಅಂತ ಬರೆದರೆ 2025-26ರವರೆಗಿನ ಸೆಕ್ಷನ್ 194ಸಿ ಪ್ರಕಾರ ಶೇ 1.

ಅಂದರೆ ಕೆಲಸ ಅದೇ, ಡ್ಯೂಟಿ ಟೈಮ್ ಅದೇ, ರಜಾ ಕೇಳಬೇಕಾದ್ದೂ ಅದೇ ಮೇಲಧಿಕಾರಿಯನ್ನು. ಆದರೆ ಕಾಗದದ ಮೇಲೆ 'ಕನ್ಸಲ್ಟೆಂಟ್' ಅಂತ ಬರೆದಾಗ ಟಿಡಿಎಸ್ ಶುರುವಾಗುತ್ತದೆ. ಖಾಸಗಿ ಆಸ್ಪತ್ರೆಯ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಗೌರವಧನದ ಮೇಲೆ ಪಾಠ ಮಾಡುವವರು, ಏಜೆನ್ಸಿ ಮೂಲಕ ಬಂದ ಕಂಪ್ಯೂಟರ್ ಆಪರೇಟರ್ ಇಂಥವರು ಈ ಸುಳಿಗೆ ಸಿಗುವುದು ಹೆಚ್ಚು.

ಇದರಲ್ಲಿ ಇನ್ನೊಂದು ನಷ್ಟವೂ ಇದೆ. 'ಫೀ' ಅಂತ ಬರೆದವರಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಟಿಡಿಎಸ್ ಹಣ ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ, ಪಿಎಫ್‌ನಲ್ಲಿ ಮಾಲೀಕ ಹಾಕಬೇಕಿದ್ದ ಪಾಲು ಹಾಗೆ ಬರುವುದಿಲ್ಲ. ಹಾಗಾಗಿ ಕೆಲಸಕ್ಕೆ ಸೇರುವಾಗಲೇ 'ನನ್ನನ್ನು ನೌಕರ ಅಂತ ತೋರಿಸ್ತೀರೋ, ಫೀ ಅಂತ ಕೊಡ್ತೀರೋ' ಎಂದು ಕೇಳಿ ನೇಮಕ ಪತ್ರ ಪಡೆದುಕೊಳ್ಳುವುದು ಒಳ್ಳೆಯದು.

ಮೇಸ್ತ್ರಿ 1 ಪರ್ಸೆಂಟ್ ಮುರಿದರೆ ಆಳು ಏನು ಮಾಡಬೇಕು?

ಒಬ್ಬ ಮೇಸ್ತ್ರಿ ದೊಡ್ಡ ಕಂಟ್ರಾಕ್ಟರ್ ಕೈಕೆಳಗೆ ಲೇಬರ್ ಕೆಲಸ ಹಿಡಿದು, ವರ್ಷಕ್ಕೆ 20 ಲಕ್ಷ ರೂಪಾಯಿ ಬಿಲ್ ಮಾಡಿದ ಅಂತ ಇಟ್ಟುಕೊಳ್ಳಿ. ಒಂದು ಬಿಲ್ 30 ಸಾವಿರ ದಾಟಿದರೆ ಅಥವಾ ವರ್ಷದ ಒಟ್ಟು ಮೊತ್ತ ಒಂದು ಲಕ್ಷ ದಾಟಿದರೆ ಕಂಟ್ರಾಕ್ಟರ್ ಶೇ 1 ಮುರಿಯುತ್ತಾನೆ. ಅಲ್ಲಿಗೆ 20 ಸಾವಿರ ರೂಪಾಯಿ ಕಟ್.

ಈಗ ಮೇಸ್ತ್ರಿ 'ನನಗ ಮ್ಯಾಲಿಂದನ ಕಟ್ ಆಗಿ ಬರ್ತೈತಿ' ಅಂತ ಆಳುಗಳ ಕೂಲಿಯಲ್ಲೂ 1 ಪರ್ಸೆಂಟ್ ಮುರಿದರೆ? ದಿನಕ್ಕೆ 600 ರೂಪಾಯಿ ಕೂಲಿಗೆ 6 ರೂಪಾಯಿ. ಸಣ್ಣದು ಅನ್ನಿಸಬಹುದು. ಹತ್ತು ಆಳು, ತಿಂಗಳಿಗೆ 25 ದಿನ ಕೆಲಸ ಅಂದ್ರೆ ತಿಂಗಳಿಗೆ 1,500, ವರ್ಷಕ್ಕೆ 18 ಸಾವಿರ ರೂಪಾಯಿ.

ಮೇಲಿನಿಂದ ಕಟ್ ಆದ 20 ಸಾವಿರ ಜಮಾ ಆಗಿರುವುದು ಮೇಸ್ತ್ರಿಯ ಪ್ಯಾನ್‌ನಲ್ಲಿ. ರಿಟರ್ನ್ ಹಾಕಿದರೆ ಅದು ಮೇಸ್ತ್ರಿಯ ಖಾತೆಗೇ ವಾಪಸ್ ಬರುತ್ತದೆ. ಆಳುಗಳ ಕೂಲಿಯಲ್ಲಿ ಮುರಿದದ್ದು ಯಾವ ಪ್ಯಾನ್‌ಗೂ ಹೋಗುವುದಿಲ್ಲ, ಅದು ಮೇಸ್ತ್ರಿಯ ಕಿಸೆಯಲ್ಲೇ ಉಳಿಯುತ್ತದೆ. ದಿನಗೂಲಿಗೆ ದುಡಿಯುವವರ ಕೂಲಿ ಈ ಮಟ್ಟದಲ್ಲಿ ಇರುವಾಗ ಅದರಲ್ಲಿ ಟಿಡಿಎಸ್ ಹಿಡಿಯಲು ಅವಕಾಶವೇ ಇಲ್ಲ. ಯಾರಾದರೂ ಹಿಡಿದರೆ 'ಯಾವ ಟ್ಯಾನ್ ನಂಬರಿನಲ್ಲಿ ಕಟ್ಟಿದ್ದೀರಿ, ಟಿಡಿಎಸ್ ಸರ್ಟಿಫಿಕೇಟ್ ಕೊಡಿ' ಅಂತ ಕೇಳಬೇಕು. ಟಿಡಿಎಸ್ ಮುರಿಯುವವರಿಗೆ ಇಲಾಖೆ ಕೊಡುವ ಹತ್ತು ಅಕ್ಷರ-ಅಂಕಿಗಳ ಸಂಖ್ಯೆಯೇ ಟ್ಯಾನ್. ಟ್ಯಾನ್ ಇಲ್ಲ, ಫಾರಂ ಇಲ್ಲ ಅಂದ್ರೆ ಅದು ಟ್ಯಾಕ್ಸ್ ಅಲ್ಲ, ಕೂಲಿ ಕಡಿತ. ಆ ದೂರು ಒಯ್ಯಬೇಕಾದದ್ದು ಕಾರ್ಮಿಕ ಇಲಾಖೆಗೆ.

ಒಂದೆರಡು ಲಾರಿ, ಟಾಟಾ ಏಸ್ ಇಟ್ಟುಕೊಂಡು ಬಾಡಿಗೆ ಹೊಡೆಯುವವರಿಗೂ ಒಂದು ಸೌಲಭ್ಯ ಇದೆ. ವರ್ಷದಲ್ಲಿ ಯಾವತ್ತೂ ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇಲ್ಲದವರು, ಹಾಗಂತ ಬರೆದುಕೊಟ್ಟು ಪ್ಯಾನ್ ನಂಬರ್ ನೀಡಿದರೆ ಅವರ ಬಾಡಿಗೆಯಲ್ಲಿ ಟಿಡಿಎಸ್ ಮುರಿಯುವಂತಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಿಂದ ಲೋಡ್ ಎತ್ತುವ ಸಣ್ಣ ವಾಹನ ಮಾಲೀಕರು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಈ ಡಿಕ್ಲರೇಷನ್ ಮೊದಲೇ ಕೊಟ್ಟಿಟ್ಟರೆ ಆಮೇಲೆ ಓಡಾಡುವುದು ತಪ್ಪುತ್ತದೆ.

ಪ್ಯಾನ್ ಇಲ್ಲ, ಆಧಾರ್ ಲಿಂಕ್ ಇಲ್ಲ ಅಂದ್ರೆ ಶೇ 20

ದೊಡ್ಡ ಹೊಡೆತ ಬೀಳುವುದು ಇಲ್ಲಿ. ಹಣ ಪಡೆಯುವವರು ಪ್ಯಾನ್ ಕೊಡದಿದ್ದರೆ, ಅಥವಾ ಪ್ಯಾನ್ ಇದ್ದೂ ಆಧಾರ್ ಲಿಂಕ್ ಆಗದೆ ನಿಷ್ಕ್ರಿಯವಾಗಿದ್ದರೆ, ಶೇ 1 ಅಥವಾ ಶೇ 10ರ ಬದಲು ಶೇ 20ರಷ್ಟು ಮುರಿಯಬೇಕು ಎನ್ನುತ್ತದೆ ಕಾಯ್ದೆ. ಮೇಲಿನ ಮೇಸ್ತ್ರಿಯ ಲೆಕ್ಕವನ್ನೇ ತೆಗೆದುಕೊಂಡರೆ 20 ಸಾವಿರದ ಜಾಗದಲ್ಲಿ 4 ಲಕ್ಷ ರೂಪಾಯಿ ಕಟ್. ಆಳುಗಳಿಗೆ ಕೊಡಬೇಕಾದ ಕೂಲಿಯೇ ಅದರಲ್ಲಿ ಹೋಗುತ್ತದೆ.

ಆಧಾರ್ ಲಿಂಕ್ ಆಗದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾಗಿವೆ. ಈಗ ಲಿಂಕ್ ಮಾಡಲು 1,000 ರೂಪಾಯಿ ಶುಲ್ಕ. ಪ್ಯಾನ್ ನಿಷ್ಕ್ರಿಯವಾಗಿದ್ದರೆ ರಿಫಂಡ್ ಕೂಡ ಬರುವುದಿಲ್ಲ. 'ಸಾವಿರ ರೂಪಾಯಿ ಯಾಕ ಕೊಡೋದು' ಅಂತ ಬಿಟ್ಟವರು ಅದರ ಹತ್ತು ಪಟ್ಟು ಕಳೆದುಕೊಳ್ಳುವ ಸಂಭವ ಇದೆ.

ಪ್ಯಾನ್ ಇಲ್ಲವೇ ಇಲ್ಲ ಅನ್ನೋರು, ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿದ್ದರೆ, ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಇ-ಪ್ಯಾನ್ ಉಚಿತವಾಗಿ ಪಡೆಯಬಹುದು. ಪ್ಯಾನ್ ಇಲ್ಲದೆ ಮುರಿದ ಹಣ ಯಾರ ಹೆಸರಿನಲ್ಲೂ ಕಾಣುವುದಿಲ್ಲ. ಮುರಿದವರು ಆಮೇಲೆ ನಿಮ್ಮ ಪ್ಯಾನ್ ಸೇರಿಸಿ ತಮ್ಮ ಲೆಕ್ಕ ತಿದ್ದುಪಡಿ ಮಾಡಿದರೆ ಮಾತ್ರ ಅದು ನಿಮಗೆ ಸಿಗುತ್ತದೆ.

ಮಾಲೀಕರಿಗೂ ಒಂದು ಸಮಾಧಾನದ ಸುದ್ದಿ ಇದೆ. ನಿಷ್ಕ್ರಿಯ ಪ್ಯಾನ್ ಅಂತ ಗೊತ್ತಿಲ್ಲದೆ ಶೇ 1 ಮಾತ್ರ ಮುರಿದವರಿಗೆ ಬಾಕಿ ಕಟ್ಟುವಂತೆ ನೋಟಿಸ್ ಬರುತ್ತಿತ್ತು. ಕೇಂದ್ರ ನೇರ ತೆರಿಗೆ ಮಂಡಳಿ 2025ರ ಜುಲೈ 21ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, 2024ರ ಏಪ್ರಿಲ್ 1ರಿಂದ 2025ರ ಜುಲೈ 31ರವರೆಗೆ ಕೊಟ್ಟ ಹಣಕ್ಕೆ ಸಂಬಂಧಿಸಿ ಆ ವ್ಯಕ್ತಿಯ ಪ್ಯಾನ್ 2025ರ ಸೆಪ್ಟೆಂಬರ್ 30ರೊಳಗೆ ಮತ್ತೆ ಸಕ್ರಿಯವಾಗಿದ್ದರೆ ಮಾಲೀಕನ ಮೇಲೆ ವ್ಯತ್ಯಾಸದ ಹೊರೆ ಬೀಳುವುದಿಲ್ಲ. 2025ರ ಆಗಸ್ಟ್ 1ರಿಂದ ಆದ ಪಾವತಿಗಳಿಗೆ, ಹಣ ಕೊಟ್ಟ ತಿಂಗಳು ಮುಗಿದು ಎರಡು ತಿಂಗಳೊಳಗೆ ಲಿಂಕ್ ಆಗಬೇಕು. ಹಾಗಾಗಿ ಮಾಲೀಕರೇ ಮುಂದೆ ನಿಂತು ತಮ್ಮ ಜನರ ಪ್ಯಾನ್ ಲಿಂಕ್ ಮಾಡಿಸಿದರೆ ಇಬ್ಬರಿಗೂ ಒಳ್ಳೆಯದು.

ಕೆಲಸ ಬಿಟ್ಟು ಪಿಎಫ್ ತೆಗೆಯುವಾಗ ಹುಷಾರ್

ಗಾರ್ಮೆಂಟ್ಸ್, ಮಿಲ್‌ಗಳಲ್ಲಿ ಎರಡು-ಮೂರು ವರ್ಷ ದುಡಿದು ಬಿಟ್ಟವರು ಪಿಎಫ್ ತೆಗೆಯುವುದು ಸಾಮಾನ್ಯ. ಐದು ವರ್ಷ ಸರ್ವಿಸ್ ತುಂಬುವ ಮೊದಲೇ ತೆಗೆದರೆ, ಮೊತ್ತ 50 ಸಾವಿರ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ 10 ಟಿಡಿಎಸ್. ಪ್ಯಾನ್ ಇಲ್ಲದಿದ್ದರೆ ಶೇ 20. ಅಂದರೆ 80 ಸಾವಿರ ಪಿಎಫ್‌ನಲ್ಲಿ ಪ್ಯಾನ್ ಇದ್ದವರಿಗೆ 8 ಸಾವಿರ, ಇಲ್ಲದವರಿಗೆ 16 ಸಾವಿರ ಕಟ್.

ಇದನ್ನು ಮೊದಲೇ ತಪ್ಪಿಸಬಹುದು. ವರ್ಷದ ಒಟ್ಟು ಆದಾಯಕ್ಕೆ ತೆರಿಗೆ ಬರುವುದಿಲ್ಲ ಎಂದಾದರೆ ಪಿಎಫ್ ಅರ್ಜಿಯ ಜೊತೆಗೇ ಘೋಷಣಾ ಫಾರಂ (2025-26ರವರೆಗೆ 15ಜಿ) ಕೊಡಬೇಕು. 60 ವರ್ಷ ದಾಟಿದವರಿಗೆ 2025-26ರವರೆಗೆ ಫಾರಂ 15ಎಚ್ ಇತ್ತು. ಆಗ ಪೂರ್ತಿ ಹಣ ಬರುತ್ತದೆ. ಕಂಪನಿ ಬದಲಿಸಿದವರು ಹಳೆಯ ಪಿಎಫ್ ಅನ್ನು ಹೊಸದಕ್ಕೆ ಟ್ರಾನ್ಸ್‌ಫರ್ ಮಾಡಿಸಿಕೊಂಡಿದ್ದರೆ ಎರಡೂ ಕಡೆಯ ಸರ್ವಿಸ್ ಕೂಡಿಸಿ ಐದು ವರ್ಷ ಲೆಕ್ಕ ಆಗುತ್ತದೆ. ಅನಾರೋಗ್ಯದಿಂದ ಕೆಲಸ ಹೋದರೆ ಅಥವಾ ಕಂಪನಿಯೇ ಬಾಗಿಲು ಹಾಕಿದರೆ ಈ ಕಡಿತ ಇಲ್ಲ.

ಒಂದು ಮಾತು ನೆನಪಿರಲಿ: ಬ್ಯಾಂಕ್ ಠೇವಣಿ ಬಡ್ಡಿಗೆ, ಪಿಎಫ್‌ಗೆ ನಡೆಯುವ ಈ ಘೋಷಣೆ, ಪ್ರೊಫೆಷನಲ್ ಫೀ ಮತ್ತು ಗುತ್ತಿಗೆ ಹಣಕ್ಕೆ ನಡೆಯುವುದಿಲ್ಲ. ಅಲ್ಲಿ ಕಡಿತ ಆಗದಂತೆ ತಡೆಯಲು ಇಲಾಖೆಗೆ ಅರ್ಜಿ ಹಾಕಿ ಪ್ರಮಾಣಪತ್ರ ಪಡೆಯಬೇಕು. ಸಣ್ಣ ಮೊತ್ತದವರಿಗೆ ಅದಕ್ಕಿಂತ ರಿಟರ್ನ್ ಹಾಕಿ ವಾಪಸ್ ಪಡೆಯುವುದೇ ಸುಲಭ.

ವಾಪಸ್ ಪಡೆಯೋದು ಹೇಗೆ?

1. ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಪ್ಯಾನ್ ನಂಬರ್ ಹಾಕಿ ನೋಂದಣಿ ಮಾಡಿಕೊಳ್ಳಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಒಟಿಪಿ ಅದಕ್ಕೇ ಬರುತ್ತದೆ.

2. 2025-26ರವರೆಗಿನ ಲೆಕ್ಕಕ್ಕೆ ಫಾರಂ 26ಎಎಸ್ ತೆಗೆಯಿರಿ. ನಿಮ್ಮ ಪ್ಯಾನ್‌ನಲ್ಲಿ ಯಾರು, ಯಾವ ಸೆಕ್ಷನ್‌ನಲ್ಲಿ, ಎಷ್ಟು ಕಟ್ಟಿದ್ದಾರೆ ಅಂತ ಅದರಲ್ಲಿ ಇರುತ್ತದೆ. ಇದನ್ನು ಟಿಡಿಎಸ್‌ನ ಪಾಸ್‌ಬುಕ್ ಅಂದುಕೊಳ್ಳಿ.

3. ಮಾಲೀಕರಿಂದ ಸರ್ಟಿಫಿಕೇಟ್ ಪಡೆಯಿರಿ. 2025-26ರವರೆಗಿನ ಸಂಬಳಕ್ಕೆ ಫಾರಂ 16, ಫೀ ಅಥವಾ ಗುತ್ತಿಗೆಗೆ ಫಾರಂ 16ಎ. ಕೊಡುವುದು ಅವರ ಕರ್ತವ್ಯ, ಉಪಕಾರ ಅಲ್ಲ.

4. ಸರಿಯಾದ ರಿಟರ್ನ್ ಆರಿಸಿ. ಸಂಬಳದಾರರಿಗೆ ಐಟಿಆರ್-1. 194ಜೆ ಅಥವಾ 194ಸಿ ಅಡಿಯಲ್ಲಿ ಕಟ್ ಆದವರಿಗೆ ಸಾಮಾನ್ಯವಾಗಿ ಐಟಿಆರ್-4. ಇಲ್ಲಿ ಐಟಿಆರ್-1 ಹಾಕಿದರೆ ತಾಳೆಯಾಗದೆ ನೋಟಿಸ್ ಬರಬಹುದು.

ಐಟಿಆರ್-4ರಲ್ಲಿ ದಪ್ಪ ಲೆಕ್ಕದ ಪುಸ್ತಕ ಬೇಕಿಲ್ಲ. ವೈದ್ಯಕೀಯದಂಥ ವೃತ್ತಿಯವರು ಬಂದ ಹಣದಲ್ಲಿ ಕನಿಷ್ಠ ಅರ್ಧ ಆದಾಯ ಅಂತ ತೋರಿಸಬೇಕು. ಲೇಬರ್ ಗುತ್ತಿಗೆಯವರು ನಗದಾಗಿ ಬಂದದ್ದಕ್ಕೆ ಕನಿಷ್ಠ ಶೇ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6. ನಿಜವಾದ ಆದಾಯ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. 16 ಸಾವಿರದ ನರ್ಸ್ ವರ್ಷದ 1.92 ಲಕ್ಷವನ್ನು ಪೂರ್ತಿ ತೋರಿಸಿದರೂ ತೆರಿಗೆ ಶೂನ್ಯ, 19,200 ರೂಪಾಯಿ ಪೂರ್ತಿ ವಾಪಸ್.

5. ಬ್ಯಾಂಕ್ ಖಾತೆ ವ್ಯಾಲಿಡೇಟ್ ಮಾಡಿ. ಖಾತೆ ನಿಮ್ಮ ಹೆಸರಿನಲ್ಲೇ ಇರಬೇಕು. ಪ್ಯಾನ್‌ನಲ್ಲಿರುವ ಹೆಸರಿಗೂ ಪಾಸ್‌ಬುಕ್ ಹೆಸರಿಗೂ ವ್ಯತ್ಯಾಸ ಇದ್ದರೆ ರಿಫಂಡ್ ಅಲ್ಲೇ ನಿಲ್ಲುತ್ತದೆ.

6. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿ ಮೂಲಕ ಇ-ವೆರಿಫೈ ಮಾಡಿ. ಇದನ್ನು ಮರೆತರೆ ರಿಟರ್ನ್ ಹಾಕಿಯೂ ಹಾಕದಂತೆ.

ಗಡುವಿನೊಳಗೆ ಸಲ್ಲಿಸಿದವರಿಗೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ 0.5ರಂತೆ ಬಡ್ಡಿಯೂ ಸೇರಿ ಬರುತ್ತದೆ.

ಆನ್‌ಲೈನ್ ಸೆಂಟರ್, ಸಿಎಸ್‌ಸಿ ಕೇಂದ್ರಗಳಲ್ಲಿ ರಿಟರ್ನ್ ಹಾಕಿಸುವವರು ಮೂರು ವಿಷಯ ಗಮನಿಸಬೇಕು. ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ, ಮೊಬೈಲ್ ಮತ್ತು ಬ್ಯಾಂಕ್ ಖಾತೆ ನಿಮ್ಮದೇ ಹಾಕಿಸಿ. 'ರಿಫಂಡ್‌ನಲ್ಲಿ ಇಷ್ಟು ಪರ್ಸೆಂಟ್ ಕೊಡ್ರಿ' ಅನ್ನೋರಿಗಿಂತ ಒಂದೇ ಫೀ ಹೇಳುವವರ ಬಳಿ ಹೋಗಿ. ಇಲ್ಲದ ಎಲ್‌ಐಸಿ, ಇಲ್ಲದ ಮನೆ ಬಾಡಿಗೆ ತೋರಿಸಿ 'ಜಾಸ್ತಿ ರಿಫಂಡ್ ಕೊಡಿಸ್ತೀವಿ' ಅನ್ನೋರ ಸಹವಾಸ ಬೇಡ. ಇಂಥ ಸುಳ್ಳು ಕ್ಲೇಮ್‌ಗಳ ವಿರುದ್ಧ ಇಲಾಖೆ 2025ರ ಜುಲೈನಲ್ಲಿ ದೇಶದ ಹಲವೆಡೆ ಶೋಧ ನಡೆಸಿದೆ. ನೋಟಿಸ್ ಬರುವುದು ಏಜೆಂಟ್ ಹೆಸರಿಗಲ್ಲ, ನಿಮ್ಮ ಹೆಸರಿಗೆ.

26ಎಎಸ್‌ನಲ್ಲಿ ಹಣವೇ ಕಾಣದಿದ್ದರೆ?

ಪಗಾರದಲ್ಲಿ ಕಟ್ ಆಗಿದೆ, ಆದರೆ 26ಎಎಸ್‌ನಲ್ಲಿ ಇಲ್ಲ ಅಂದ್ರೆ ಕಾರಣ ಮೂರರಲ್ಲಿ ಒಂದು. ಪ್ಯಾನ್ ನಂಬರ್ ತಪ್ಪಾಗಿ ಬರೆದಿರಬಹುದು. ಹಣ ಕಟ್ಟಿ, ಮೂರು ತಿಂಗಳಿಗೊಮ್ಮೆ ಕೊಡಬೇಕಾದ ಟಿಡಿಎಸ್ ಸ್ಟೇಟ್‌ಮೆಂಟ್ ಸಲ್ಲಿಸದೇ ಇರಬಹುದು. ಅಥವಾ ಮುರಿದ ಹಣವನ್ನು ಕಟ್ಟದೇ ಇರಬಹುದು.

ಮೊದಲು ಮಾಲೀಕರಿಗೆ ಬರವಣಿಗೆಯಲ್ಲಿ ಕೇಳಿ. ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ವೋಚರ್ ಪ್ರತಿ ಜೋಪಾನವಾಗಿಡಿ. ಸರಿಪಡಿಸದಿದ್ದರೆ ಪೋರ್ಟಲ್‌ನ ಗ್ರೀವೆನ್ಸ್ ವಿಭಾಗದಲ್ಲಿ ಅಥವಾ ಟಿಡಿಎಸ್ ಅಧಿಕಾರಿಗೆ ದೂರು ಕೊಡಬಹುದು. ಕಾಯ್ದೆ ಕೆಲಸಗಾರನ ಪರ ಇದೆ: ನಿಮ್ಮ ಹಣದಲ್ಲಿ ತೆರಿಗೆ ಮುರಿದಾಗಿದ್ದರೆ, ಮಾಲೀಕ ಅದನ್ನು ಕಟ್ಟದಿದ್ದರೂ ಅದೇ ತೆರಿಗೆಯನ್ನು ನಿಮ್ಮಿಂದ ಮತ್ತೆ ವಸೂಲಿ ಮಾಡುವಂತಿಲ್ಲ. ಮುರಿದು ಕಟ್ಟದೇ ಇಟ್ಟುಕೊಂಡ ಮಾಲೀಕನಿಗೆ ಜೈಲು ಶಿಕ್ಷೆಗೂ ಕಾಯ್ದೆಯಲ್ಲಿ ಅವಕಾಶ ಇದೆ.

ರಿಟರ್ನ್ ಹಾಕಿದ್ರೆ ಗೃಹಲಕ್ಷ್ಮಿ ನಿಲ್ಲುತ್ತಾ?

ತಾಲೂಕಿನಲ್ಲಿ ಜನ ರಿಟರ್ನ್ ಅಂದ್ರೆ ಹಿಂಜರಿಯುವುದಕ್ಕೆ ಮುಖ್ಯ ಕಾರಣ ಇದು. ವರ್ಷಕ್ಕೆ 24 ಸಾವಿರ ರೂಪಾಯಿ ಗೃಹಲಕ್ಷ್ಮಿ ಬರುತ್ತಿರುವಾಗ 6 ಸಾವಿರದ ರಿಫಂಡ್‌ಗೆ ಯಾಕೆ ಕೈ ಹಾಕೋದು ಅನ್ನೋದು ಸುಳ್ಳು ಭಯ ಅಲ್ಲ.

ನಿಯಮದಲ್ಲಿ ಇರುವುದು ಹೀಗೆ: ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಗೃಹಲಕ್ಷ್ಮಿಗೆ ಅರ್ಹತೆ ಇಲ್ಲ. ತೆರಿಗೆ ಕಟ್ಟುವುದು ಬೇರೆ, ಶೂನ್ಯ ತೆರಿಗೆಯ ರಿಟರ್ನ್ ಸಲ್ಲಿಸಿ ಕಟ್ ಆದ ಹಣ ವಾಪಸ್ ಪಡೆಯುವುದು ಬೇರೆ. ಆದರೂ ಹಿಂದೆ ಐಟಿ-ಜಿಎಸ್‌ಟಿ ಪಟ್ಟಿಯಲ್ಲಿ ಹೆಸರು ಬಂದಿದೆ ಅಂತ ಹಲವರ ಹಣ ನಿಂತು, ಕಚೇರಿಗೆ ಅಲೆದಾಡಿದ್ದೂ ನಿಜ. ಅದಕ್ಕೇ ರಿಟರ್ನ್ ಹಾಕಿದ ಮೇಲೆ ಇಲಾಖೆಯಿಂದ ಬರುವ ಇಂಟಿಮೇಷನ್ ಪತ್ರವನ್ನು ಪ್ರಿಂಟ್ ತೆಗೆದಿಡಿ. ಅದರಲ್ಲಿ ಪಾವತಿಸಬೇಕಾದ ತೆರಿಗೆ ಶೂನ್ಯ ಅಂತ ಸ್ಪಷ್ಟವಾಗಿ ಇರುತ್ತದೆ. ಕಂತು ನಿಂತರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒ ಕಚೇರಿಯಲ್ಲಿ ತೋರಿಸಲು ಅದೇ ದಾಖಲೆ.

ರೇಷನ್ ಕಾರ್ಡ್ ವಿಷಯ ಸ್ವಲ್ಪ ಬೇರೆ. ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯ ಮಿತಿ 1.20 ಲಕ್ಷ ರೂಪಾಯಿ. ರಿಟರ್ನ್‌ನಲ್ಲಿ ಅದಕ್ಕಿಂತ ಹೆಚ್ಚು ಆದಾಯ ತೋರಿಸಿದರೆ ಮುಂದೆ ಪ್ರಶ್ನೆ ಬರಬಹುದು. ಆದರೆ ರಿಟರ್ನ್ ಹಾಕದೇ ಬಿಟ್ಟರೆ ಗುಟ್ಟಾಗಿ ಉಳಿಯುತ್ತದೆ ಅನ್ನೋದೂ ತಪ್ಪು. ಟಿಡಿಎಸ್ ಮುರಿದ ದಿನವೇ ನಿಮ್ಮ ಪ್ಯಾನ್‌ನಲ್ಲಿ ಎಷ್ಟು ಹಣ ಬಂತು ಅನ್ನುವ ಲೆಕ್ಕ ಇಲಾಖೆಗೆ ಹೋಗುವ ದಾರಿ ಹಿಡಿದಾಗಿದೆ. ಈ ಎರಡನ್ನೂ ತೂಗಿ ನೋಡಿ ಕುಟುಂಬದವರೇ ನಿರ್ಧರಿಸಬೇಕು. ಕಟ್ ಆದ ಟಿಡಿಎಸ್ 25 ಸಾವಿರ ಅಥವಾ ಅದಕ್ಕಿಂತ ಹೆಚ್ಚಿದ್ದರೆ (ಹಿರಿಯ ನಾಗರಿಕರಿಗೆ 50 ಸಾವಿರ) ರಿಟರ್ನ್ ಸಲ್ಲಿಸುವುದು ಕಡ್ಡಾಯ, ಅಲ್ಲಿ ಆಯ್ಕೆ ಇಲ್ಲ.

ಅಂಗಡಿ ಮಾಲೀಕರು ತಿಳಿದಿರಬೇಕಾದ್ದು

ಬಟ್ಟೆ ಅಂಗಡಿ, ಕಿರಾಣಿ, ಹೋಟೆಲ್‌ನಲ್ಲಿ 10-15 ಸಾವಿರಕ್ಕೆ ಇಬ್ಬರು ಮೂವರನ್ನು ಇಟ್ಟುಕೊಂಡವರು ಅವರ ಪಗಾರದಲ್ಲಿ ಟಿಡಿಎಸ್ ಮುರಿಯಬೇಕಿಲ್ಲ, ಮುರಿಯಲೂಬಾರದು.

ಗುತ್ತಿಗೆ, ಫೀ ಮುಂತಾದವುಗಳಿಗೆ ಟಿಡಿಎಸ್ ಮುರಿಯುವ ಹೊಣೆ ವೈಯಕ್ತಿಕ ಮಾಲೀಕತ್ವದ ಅಂಗಡಿಗಳಿಗೆ ಬರುವುದು ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟಿದ್ದರೆ ಮಾತ್ರ. ಪಾಲುದಾರಿಕೆ ಸಂಸ್ಥೆ, ಕಂಪನಿ, ಟ್ರಸ್ಟ್‌ಗಳಿಗೆ ಈ ವಿನಾಯಿತಿ ಇಲ್ಲ.

ಹೊಣೆ ಬಂದವರು ಟ್ಯಾನ್ ಮಾಡಿಸಿ, ಮುರಿದ ಹಣವನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕಟ್ಟಬೇಕು. ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯ. ಕಟ್ಟಲು ತಡವಾದರೆ ತಿಂಗಳಿಗೆ ಶೇ 1.5 ಬಡ್ಡಿ, ಸ್ಟೇಟ್‌ಮೆಂಟ್ ತಡವಾದರೆ ದಿನಕ್ಕೆ 200 ರೂಪಾಯಿ. ನಿಮ್ಮ ಸ್ಟೇಟ್‌ಮೆಂಟ್ ತಡವಾದಷ್ಟೂ ನಿಮ್ಮ ಕೆಲಸಗಾರರ ರಿಫಂಡ್ ತಡವಾಗುತ್ತದೆ.

ಗಡುವು ತಪ್ಪಿದರೆ?

ಬಾಗಿಲು ಪೂರ್ತಿ ಮುಚ್ಚುವುದಿಲ್ಲ. 2024-25ನೇ ಸಾಲಿಗೆ ಡಿಸೆಂಬರ್ 31, 2025ರವರೆಗೆ ತಡವಾದ ರಿಟರ್ನ್ ಸಲ್ಲಿಸಬಹುದಿತ್ತು. ಆದಾಯ 5 ಲಕ್ಷದೊಳಗಿದ್ದರೆ 1,000 ರೂಪಾಯಿ ವಿಳಂಬ ಶುಲ್ಕ. 2024-25ರಲ್ಲಿ ಒಟ್ಟು ಆದಾಯ 3 ಲಕ್ಷದೊಳಗೇ ಇದ್ದವರಿಗೆ ಈ ಶುಲ್ಕವೂ ಇರಲಿಲ್ಲ. ಆದರೆ ಬಡ್ಡಿ ರಿಟರ್ನ್ ಸಲ್ಲಿಸಿದ ದಿನದಿಂದ ಮಾತ್ರ ಸಿಗುತ್ತದೆ.

ಡಿಸೆಂಬರ್ 31 ದಾಟಿದ ಮೇಲೆ 'ಅಪ್‌ಡೇಟೆಡ್ ರಿಟರ್ನ್' ಅಂತ ಒಂದು ಇದೆ, ಆದರೆ ಅದರಲ್ಲಿ ರಿಫಂಡ್ ಕೇಳುವಂತಿಲ್ಲ. ಆಗ ಉಳಿಯುವ ದಾರಿ, ವಿಳಂಬ ಮನ್ನಿಸಲು ಇಲಾಖೆಯ ಹಿರಿಯ ಅಧಿಕಾರಿಗೆ ಕಾರಣ ಸಮೇತ ಅರ್ಜಿ ಹಾಕುವುದು. ಆ ತೆರಿಗೆ ನಿರ್ಧರಣಾ ವರ್ಷ ಮುಗಿದ ಐದು ವರ್ಷದೊಳಗೆ ಇದಕ್ಕೆ ಅವಕಾಶ ಇದೆ. 2021-22ರಲ್ಲಿ ಕಟ್ ಆದ ಹಣಕ್ಕೆ 2028ರ ಮಾರ್ಚ್ 31ರವರೆಗೆ ಕೇಳಬಹುದು. ಆಸ್ಪತ್ರೆ ದಾಖಲೆಯಂಥ ಬಲವಾದ ಕಾರಣ ಬೇಕು, ಮಂಜೂರಾತಿ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.

ನೆನಪಿಡಬೇಕಾದ ದಿನಾಂಕಗಳು

* ಸೆಪ್ಟೆಂಬರ್ 16, 2025: 2024-25ರ ರಿಟರ್ನ್‌ಗೆ ಕೊನೇ ದಿನವಾಗಿತ್ತು
* ಸೆಪ್ಟೆಂಬರ್ 30, 2025: ನಿಷ್ಕ್ರಿಯ ಪ್ಯಾನ್ ಲಿಂಕ್ ಮಾಡಿಸಿ ಮಾಲೀಕರನ್ನು ಹೆಚ್ಚುವರಿ ಹೊರೆಯಿಂದ ಪಾರು ಮಾಡಲು ಇದ್ದ ಗಡುವು (2025ರ ಜುಲೈ 31ರವರೆಗಿನ ಪಾವತಿಗೆ)
* ಡಿಸೆಂಬರ್ 31, 2025: 2024-25ರ ತಡವಾದ ರಿಟರ್ನ್‌ಗೆ ಕೊನೇ ಅವಕಾಶವಾಗಿತ್ತು

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಕಳೆದ ವರ್ಷದ ಪೇ ಸ್ಲಿಪ್ ಅಥವಾ ಬ್ಯಾಂಕ್ ಪಾಸ್‌ಬುಕ್ ತೆಗೆದು, ಹೇಳಿದ ಪಗಾರಕ್ಕೂ ಖಾತೆಗೆ ಬಿದ್ದ ಹಣಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಪಿಎಫ್, ಇಎಸ್‌ಐ ಕಳೆದ ಮೇಲೂ ಲೆಕ್ಕ ಕೂಡದಿದ್ದರೆ 26ಎಎಸ್ ತೆಗೆಸಿ. ಅಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಮೊತ್ತ ಕಂಡರೆ ಅದು ನೀವು ದುಡಿದ ರೊಕ್ಕ, ಕೇಳಿ ಪಡೆಯಿರಿ.